ತೊಂಬತ್ತಾರು ಡಿಗ್ರಿ

ಫೆಬ್ರವರಿ 18, ಮಂಗಳವಾರ

ಇವತ್ತು ಎರಡು ಸಲ ಸತ್ತಿತು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಒಂದು ಸಲ, ಊಟ ಆದ ಮೇಲೆ ಮೂರೂವರೆಗೆ ಇನ್ನೊಂದು ಸಲ. ಕಂಪ್ಯೂಟರಿನ ಪರದೆ ಕಪ್ಪಾಗುತ್ತದೆ, ಒಳಗಿನ ಫ್ಯಾನಿನ ಸದ್ದು ನಿಲ್ಲುತ್ತದೆ, ಮುಗಿಯಿತು. ಹೋಗ್ತೀನಿ ಅಂತ ಒಂದು ಮಾತಿಲ್ಲ. ಹತ್ತು ನಿಮಿಷ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ.

ಎರಡನೇ ಸಲ ಸತ್ತಾಗ ಕೇದಾರ್ ಗಾಜಿನ ಕೋಣೆಯಿಂದ ಬಂದು ಎಲ್ಲರ ಮುಂದೆ, "ಮೇಡಂ, ನಿಮ್ಮ ಕೈಯಲ್ಲೇ ಯಾಕೆ ಹೀಗಾಗುತ್ತೆ?" ಅಂದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆದಿದ್ದು ಬಸ್ಸಿನಲ್ಲಿ. ಅದಕ್ಕೇ ದಾರಿಯಲ್ಲಿ ಇಳಿದು ಅವೆನ್ಯೂ ರಸ್ತೆಯಲ್ಲಿ ಈ ನೋಟ್‌ಬುಕ್ಕು ಕೊಂಡೆ. ಹೊತ್ತು ಮೀರಿ ಹೊಳೆದದ್ದನ್ನೆಲ್ಲ ಇನ್ನು ಇದರಲ್ಲಿ ಬರೆಯುತ್ತೇನೆ.

ಚಾಮರಾಜಪೇಟೆಯ ಈ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಲು ಕೂತು ಇಪ್ಪತ್ಮೂರು ವರ್ಷವಾಯಿತು. ಯಜಮಾನರು ಪ್ರಭುದೇವ ಅವರು. ಕೇದಾರ್ ಅವರ ಮಗ, ಹೋದ ವರ್ಷ ಎಂಬಿಎ ಮುಗಿಸಿ ಬಂದು ಪ್ರೆಸ್ಸನ್ನು ಉದ್ಧಾರ ಮಾಡುತ್ತಿದ್ದಾನೆ. ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗ ಕತ್ತರಿಸಿ ಬಿಸಾಕಿದ ಕಾಗದದಲ್ಲಿ ಅವನಿಗೆ ದೋಣಿ ಮಾಡಿ ಕೊಟ್ಟವಳು ನಾನು. ಆಗ "ನೀನು" ಅನ್ನುತ್ತಿದ್ದೆ. ಈಗ "ನೀವು" ಅನ್ನಬೇಕು, ಅನ್ನುತ್ತಿದ್ದೇನೆ.

ಕೈಯಲ್ಲಿರುವ ಕೆಲಸ ಸಣ್ಣದಲ್ಲ. ಸಮಾಜದವರ ವಧೂ-ವರರ ಕೈಪಿಡಿ, ನಾನೂರಾ ಹನ್ನೆರಡು ಪುಟ, ಪುಟಕ್ಕೆ ನಾಲ್ಕು ಫೋಟೋ. ಸಮಾವೇಶ ಮಾರ್ಚ್ 23ಕ್ಕೆ. 15ರೊಳಗೆ ಪುಸ್ತಕ ಪೂರ್ತಿ ಒಂದೇ ಫೈಲಾಗಿ ಅಚ್ಚಿನ ಪ್ಲೇಟಿಗೆ ಹೋಗಬೇಕು. ಪುಟ ಸೇರಿಸಿ ಫೈಲು ಕಟ್ಟಲು ಶುರು ಮಾಡಿದರೆ ಸಾಕು, ಮಿಷೀನು ಸಾಯುತ್ತದೆ.

ಫೆಬ್ರವರಿ 20, ಗುರುವಾರ

ಎಸ್.ಪಿ. ರಸ್ತೆಯಿಂದ ರಿಪೇರಿಯವನು ಬಂದ. ಲೋಹಿತ್ ಅಂತ, ಮೂವತ್ತರ ಆಸುಪಾಸು, ಸ್ವಂತ ಅಂಗಡಿ ಇದೆ. ಬರುತ್ತಾನೆ ಅಂತ ಗೊತ್ತಿದ್ದರಿಂದ ಮೇಜು ಒರೆಸಿ, ಮಿಷೀನಿನ ಮೇಲಿದ್ದ ಕೌದಿ ತೆಗೆದು ಮಡಚಿಟ್ಟು, ಕಾಫಿಗೆ ಹೇಳಿದ್ದೆ. ಹೊರಗಿನವರು ನೋಡುವಾಗ ನಮ್ಮ ಜಾಗ ಒಪ್ಪವಾಗಿರಬೇಕು.

ಎರಡು ಗಂಟೆ ಏನೇನೋ ಓಡಿಸಿದ. ಒಂದು ಸಲವೂ ಸಾಯಲಿಲ್ಲ. "ಮೇಡಂ, ಇದು ಚೆನ್ನಾಗೇ ಇದೆಯಲ್ಲ," ಅಂದ. ಮನೆಯಲ್ಲಿ ಕೆಂಡದ ಹಾಗೆ ಸುಡುತ್ತಿದ್ದ ಮಗು ಡಾಕ್ಟರ ಮುಂದೆ ಆಟ ಆಡಿದರೆ ತಾಯಿಗೆ ಆಗುವ ಅವಮಾನ ನನಗೆ ಆಯಿತು. ಯಾವುದಕ್ಕೂ ಇರಲಿ ಅಂತ ರ‍್ಯಾಮ್ ಬದಲಾಯಿಸಿ ಹೋದ. ಅವನು ಹೋದ ಮೇಲೆ ಎಲ್ಲ ಮೊದಲಿನ ಹಾಗೆ ಜೋಡಿಸಿಕೊಂಡು ಕೂತೆ. ಸಂಜೆ ಐದಕ್ಕೆ ಸತ್ತಿತು.

ರಸ್ತೆಗೆ ಕಾಂಕ್ರೀಟು ಹಾಕುವುದಕ್ಕೆ ಈ ತಿಂಗಳ ಮೊದಲ ವಾರ ಅಗೆದರು. ತೊಂದರೆ ಶುರುವಾದದ್ದೂ ಅದೇ ವಾರ. ಅಗೆಯುವಾಗ ಕೇಬಲ್ಲಿಗೆ ಏನೋ ಮಾಡಿದ್ದಾರೆ, ಕರೆಂಟು ಏರುಪೇರಾಗುತ್ತಿದೆ ಅಂತ ನನ್ನ ವಾದ. ಯಾರೂ ಕೇಳುವುದಿಲ್ಲ.

ಫೆಬ್ರವರಿ 24, ಸೋಮವಾರ

ಎಲೆಕ್ಟ್ರಿಷಿಯನ್ ಸೊಣ್ಣಪ್ಪ ಬಂದು ಅರ್ತಿಂಗು, ಯುಪಿಎಸ್ಸು ಎಲ್ಲಾ ನೋಡಿದ. "ಕರೆಂಟು ಬಂಗಾರ ಇದ್ದಂಗಿದೆ ಅಮ್ಮೋರೆ," ಅಂದ. ನನ್ನ ವಾದ ಬಿತ್ತು. ಮಿಷೀನನ್ನು ಲೋಹಿತ್ ಅಂಗಡಿಗೆ ಹೊತ್ತುಕೊಂಡು ಹೋದರು. ನಾನು ಪ್ರೂಫ್ ತಿದ್ದುತ್ತ ಕೂತೆ. ವರನಿಗೆ ಬೇಕಾದ ವಧು "ಹೊಂದಿಕೊಂಡು ಹೋಗುವವಳು" ಅಂತ ಇವತ್ತು ಅರವತ್ತೊಂದು ಕಡೆ ಓದಿದೆ.

ಫೆಬ್ರವರಿ 27, ಗುರುವಾರ

ಶಿವರಾತ್ರಿ ಜಾಗರಣೆಯ ಕಣ್ಣುರಿ. ಮಿಷೀನು ವಾಪಸ್ ಬಂತು. ಅಂಗಡಿಯಲ್ಲಿ ಮೂರು ದಿನ ಹಗಲೂ ರಾತ್ರಿ ಓಡಿತಂತೆ, ಒಂದು ಸಲವೂ ನಿಂತಿಲ್ಲವಂತೆ. ಆದರೂ ಕರೆಂಟು ಕೊಡುವ ಡಬ್ಬಿ ಹೊಸದು ಹಾಕಿದ್ದಾನೆ. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಕೂರಿಸಿದ್ದಾನೆ. ಮಿಷೀನಿನ ಒಳಗಿನ ಬಿಸಿ ಎಷ್ಟು ಡಿಗ್ರಿ ಅಂತ ಅದು ತೋರಿಸುತ್ತದೆ. ಅವನು ಇದ್ದಾಗ 58 ಇತ್ತು. ನಾಲ್ಕು ಗಂಟೆಗೆ ಫೈಲು ಕಟ್ಟಲು ಶುರು ಮಾಡಿದೆ. 70. 81. 90. 96. ಕಪ್ಪು.

ಮನೆಗೆ ಬಂದಾಗ ಅವ್ವ ಎಂದಿನಂತೆ ಕೇಳಿದಳು, "ನನ್ನ ಕೌದಿ ಹೆಂಗೈತೆ? ಧೂಳು ತಡೀತದಾ?" ರಸ್ತೆ ಅಗೆದ ವಾರ ನನ್ನ ಸೀರೆ ಮೇಲಿನ ಧೂಳು ನೋಡಿ, ಮಿಷೀನಿನ ಗತಿ ಏನಾಗಿರಬೇಕು ಅಂತ ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದಳು. ಎಪ್ಪತ್ತೆಂಟರ ಕಣ್ಣಿಗೆ ಆ ಹೊಲಿಗೆ ಸಣ್ಣ ಮಾತಲ್ಲ. ಮೇಲಿಂದ ಹಿಂದಿನವರೆಗೂ, ಎರಡೂ ಪಕ್ಕ ಇಳಿಯುವ ಹಾಗೆ ಅಳತೆಗೆ ಸರಿಯಾಗಿದೆ. "ಒಂದು ಕಣ ಧೂಳಿಲ್ಲ ಅವ್ವ," ಅಂದೆ. ನಮ್ಮವ್ವ ಗುರುಬಸಮ್ಮನವರ ಮುಖ ಅರಳಿತು.

ಮಾರ್ಚ್ 1, ಶನಿವಾರ

ಬಿಸಿ ಏರುತ್ತಿದೆ ಅಂತ ಫೋನ್ ಮಾಡಿದ್ದಕ್ಕೆ ಲೋಹಿತ್ ಬಂದು ಒಳಗಿನ ಫ್ಯಾನನ್ನೇ ಬದಲಾಯಿಸಿದ. ಎದುರಿಗೆ ಓಡಿಸಿ ತೋರಿಸಿದ, 57. ಅವನು ಕಾಟನ್‌ಪೇಟೆ ದಾಟುವಷ್ಟರಲ್ಲಿ ಇಲ್ಲಿ ಸತ್ತಿತ್ತು. ವಾಪಸ್ ಕರೆಸಿದರು.

ಕೇದಾರ್ ನನ್ನೆದುರೇ ಅವನಿಗೆ ಹೇಳಿದ, "ಬಂದಾಗಲೆಲ್ಲ ಒಂದೊಂದು ಸಾಮಾನು ಮಾರ್ಕೊಂಡು ಹೋಗ್ತಿದೀರ. ರೋಗ ಏನು ಅಂತ ಒಂದಿನಾನೂ ಹೇಳ್ಲಿಲ್ಲ. ಇದಕ್ಕೆ ಏನಂತಾರೆ ಗೊತ್ತಲ್ಲ?"

ಲೋಹಿತ್ ಮುಖ ಕೆಂಪಾಯಿತು. "ಸರ್, ಹಳೇ ಸಾಮಾನೆಲ್ಲ ವಾಪಸ್ ಹಾಕ್ಕೊಡ್ತೀನಿ, ನನಗೇನೂ ಬೇಡ. ನಮ್ಮ ಅಂಗಡೀಲಿ ಓಡಿದ್ದು ಇಲ್ಲಿ ಯಾಕೆ ನಿಲ್ತಿದೆ ಅಂತ ನನಗೇ ಅರ್ಥ ಆಗ್ತಿಲ್ಲ."

"ಅರ್ಥ ಆದ್ಮೇಲೆ ಬನ್ನಿ," ಅಂದ ಕೇದಾರ್.

ನಾನು ಸುಮ್ಮನಿದ್ದೆ. ನಿಜ ಬರೆಯುವುದಾದರೆ, ಬೈಗುಳ ನನ್ನನ್ನು ಬಿಟ್ಟು ಬೇರೆ ಕಡೆ ಹೋಯಿತಲ್ಲ ಅಂತ ಹಾಯೆನಿಸಿತು. ಹೋಗುವಾಗ ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದು, "ಮೇಡಂ, ನೀವೇ ನೋಡ್ತಿರಿ. ಒಂದ್ ಸಲಕ್ಕೆ ಒಂದೇ ಬದಲಾಯ್ಸಿ. ಎರಡು ಬದಲಾಯ್ಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ," ಅಂದ. ಅಷ್ಟು ಅನ್ನಿಸಿಕೊಂಡವನು ಇದನ್ನು ಹೇಳಿಹೋಗಬೇಕಾಗಿರಲಿಲ್ಲ.

ಮಾರ್ಚ್ 3, ಸೋಮವಾರ

ಗಾಜಿನ ಕೋಣೆಗೆ ಕರೆಸಿದರು. ಯಜಮಾನರೂ ಇದ್ದರು, ತಲೆ ಎತ್ತಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ," ಅಂತ ಶುರು ಮಾಡಿದ ಕೇದಾರ್. ಹೀಗೆ ಶುರುವಾದ ಮಾತು ಯಾವತ್ತೂ ಒಳ್ಳೆಯದಲ್ಲ. "ನಿಮಗೂ ಐವತ್ನಾಲ್ಕಾಯ್ತು. ಹೊಸ ಸಾಫ್ಟ್‌ವೇರು, ದೊಡ್ಡ ಫೈಲು, ಇದೆಲ್ಲ ನಿಭಾಯಿಸೋದು ಕಷ್ಟ. ಏನನ್ನೋ ತಪ್ಪಾಗಿ ಒತ್ತುತ್ತಿದೀರ ಅನ್ಸುತ್ತೆ. ಹದಿನೈದರ ತನಕ ನೋಡೋಣ. ಅಷ್ಟರಲ್ಲಿ ಪುಸ್ತಕ ಹೋದ್ರೆ ಸರಿ. ಇಲ್ಲಾಂದ್ರೆ ಜೋಡಣೆ ಕೆಲಸ ಪೂರ್ತಿ ಹೊರಗೆ ಕೊಡ್ತೀವಿ. ನೀವು ಮನೇಲಿ ಆರಾಮಾಗಿರಿ."

"ಆರಾಮು ನಾನು ಕೇಳಿದ್ನಾ?" ಅಂದೆ. "ಹದಿನೈದರ ತನಕ ಆ ಕುರ್ಚಿ ನನ್ನದು ತಾನೆ? ಅಲ್ಲೀ ತನಕ ಯಾರೂ ಬಂದು ನನ್ನ ತಲೆ ತಿನ್ನಬೇಡಿ."

ಹೊರಗೆ ಬಂದು ನನ್ನ ಕುರ್ಚಿಯಲ್ಲೇ ಕೂತೆ. ನಾನು ತಪ್ಪಾಗಿ ಒತ್ತುತ್ತಿದ್ದೇನಂತೆ. ಇಪ್ಪತ್ಮೂರು ವರ್ಷದಲ್ಲಿ ಈ ಕೈ ಒತ್ತಿದ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಅವನ ಎಂಬಿಎ ಕಾಲೇಜು ದಾಟಿ ಹೋಗುತ್ತವೆ. ಕಾರಣ ನಾನಲ್ಲ ಅಂತ ತೋರಿಸುತ್ತೇನೆ. ತೋರಿಸಿ ಅವನ ಬಾಯಿಂದಲೇ ಒಪ್ಪಿಸುತ್ತೇನೆ.

ಮಾರ್ಚ್ 5, ಬುಧವಾರ

ಒಂದು ಸಲಕ್ಕೆ ಒಂದೇ.

ಕೈಬಳೆ ತೆಗೆದು ಕೂತೆ. 96, ಸತ್ತಿತು.
ಮೊಬೈಲು ದೂರ ಇಟ್ಟೆ. 96, ಸತ್ತಿತು.
ಕೀಬೋರ್ಡು ಬದಲಾಯಿಸಿದೆ. 96, ಸತ್ತಿತು.
ಟೇಬಲ್ ಫ್ಯಾನನ್ನು ಮಿಷೀನಿನ ಮುಂದೆ ಇಟ್ಟೆ. ನಿಧಾನಕ್ಕೆ ಏರಿತು, ಐದು ನಿಮಿಷ ಜಾಸ್ತಿ ಬದುಕಿತು, 96ಕ್ಕೆ ಸತ್ತಿತು.

ಬಳೆ ತೆಗೆದದ್ದು ನೋಡಿ ಅಚ್ಚಿನ ಮಷೀನ್ ರೂಮಿನ ಮನೋಹರ್, "ಏನ್ ಅಕ್ಕಾ, ಕಾಳಗಕ್ಕೆ ಇಳೀತಿದೀರ?" ಅಂದ. ಹೌದು ಅಂದೆ.

ಮಾರ್ಚ್ 7, ಶುಕ್ರವಾರ

ಸಾಯುವ ಹೊತ್ತು ಬರೆದಿಟ್ಟಿದ್ದೆನಲ್ಲ, ಸಾಲಾಗಿ ಓದಿದೆ. ಇಪ್ಪತ್ತೊಂದನೇ ನಿಮಿಷ, ಇಪ್ಪತ್ತಮೂರು, ಇಪ್ಪತ್ತೆರಡು. ಟೇಬಲ್ ಫ್ಯಾನು ಇಟ್ಟ ಆ ಒಂದು ಸಲ ಬಿಟ್ಟರೆ, ಗಡಿಯಾರದ ಹೊತ್ತು ಯಾವುದಾದರೂ ಆಗಲಿ, ಕೆಲಸ ಶುರು ಮಾಡಿ ಇಪ್ಪತ್ತೆರಡು ನಿಮಿಷಕ್ಕೆ 96 ಮುಟ್ಟಿ ನಿಲ್ಲುತ್ತದೆ. ಅಂದರೆ ಇದು ಹುಚ್ಚಾಟ ಅಲ್ಲ, ನಿಯಮ ಇದೆ. ಯಾಕೋ ಇವತ್ತು ಆ ಅಂಕಿ ನೋಡಿ ಸಿಟ್ಟು ಬರಲಿಲ್ಲ, ಕುತೂಹಲ ಆಯಿತು.

ಮಾರ್ಚ್ 10, ಸೋಮವಾರ

ನಿನ್ನೆ ಭಾನುವಾರ. ಕೇದಾರ್ ಒಬ್ಬನೇ ಪ್ರೆಸ್ಸಿಗೆ ಹೋಗಿ ನನ್ನ ಮಿಷೀನಿನ ಮುಂದೆ ಕೂತಿದ್ದಾನೆ. ಮುನ್ನೂರ ನಲವತ್ತು ಪುಟ ಒಂದೇ ಸಲಕ್ಕೆ ಕಟ್ಟಿದ್ದಾನೆ. ಸಾಯಲಿಲ್ಲ. ಪರದೆಯ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ್ದ. ಮೂಲೆಯಲ್ಲಿ 62. ಕೆಳಗೆ ಒಂದೇ ಸಾಲು, "ನನ್ನ ಕೈಯಲ್ಲಿ ಆಯ್ತು ಮೇಡಂ."

ರಾತ್ರಿ ಊಟ ಸೇರಲಿಲ್ಲ. ನಿಜವಾಗಿಯೂ ನಾನೇ ಇರಬಹುದಾ ಅಂತ ಮೊದಲ ಸಲ ಅನ್ನಿಸಿತು. ಈ ಪುಟದಲ್ಲಿ ಬಿಟ್ಟರೆ ಇದನ್ನು ಇನ್ನೆಲ್ಲೂ ಹೇಳಲಾರೆ.

ಬೆಳಿಗ್ಗೆ ಹೋಗಿ ನೋಡಿದರೆ ಮೇಜಿನ ಮೇಲೆ ಅವನು ಕುಡಿದ ಕಾಫಿಯ ಲೋಟ, ಕೌದಿ ಮುದ್ದೆಯಾಗಿ ಸ್ಟೂಲಿನ ಮೇಲೆ. ಪೆನ್‌ಡ್ರೈವ್ ಚುಚ್ಚಲು ಹಿಂದಿನ ಕಿಂಡಿ ಹುಡುಕಿದ್ದಾನೆ. ಅವ್ವ ಹೊಲಿದದ್ದನ್ನು ನೆಲ ಒರೆಸುವ ಬಟ್ಟೆಯ ಹಾಗೆ ಬಿಸಾಕಿದ್ದಾನೆ. ಕೊಡವಿ, ಮಡಿಕೆ ಬಿಡಿಸಿ ಮತ್ತೆ ಹೊದಿಸಿದೆ. ಆಮೇಲೆ ಕೂತೆ. 96.

ಮಾರ್ಚ್ 11, ಮಂಗಳವಾರ

ಇಷ್ಟು ದಿನ ನನ್ನ ಕೈಯಲ್ಲಿ ಸತ್ತದ್ದನ್ನೇ ಬರೆದೆ. ಇವತ್ತು ಸಾಯದೇ ಇದ್ದ ದಿನಗಳನ್ನು ಬರೆಯುತ್ತೇನೆ. ಲೋಹಿತ್ ಎದುರಿಗೆ ಸಾಯಲಿಲ್ಲ. ಅವನ ಅಂಗಡಿಯಲ್ಲಿ ಸಾಯಲಿಲ್ಲ. ಕೇದಾರ್ ಕೂತಾಗ ಸಾಯಲಿಲ್ಲ. ಈ ಮೂರಕ್ಕೂ ಏನು ಸಂಬಂಧ? ನಾನಿಲ್ಲದಿರುವುದು ಅನ್ನೋಣವೆಂದರೆ, ಲೋಹಿತ್ ಬಂದಾಗ ಪಕ್ಕದಲ್ಲೇ ಇದ್ದೆ.

ಲೋಹಿತ್ ಬಂದಾಗ ನಾನು ಏನು ಮಾಡುತ್ತೇನೆ? ಮೇಜು ಒರೆಸುತ್ತೇನೆ. ಕಾಫಿಗೆ ಹೇಳುತ್ತೇನೆ. ಕುರ್ಚಿ ಬಿಟ್ಟುಕೊಡುತ್ತೇನೆ. ಕೌದಿ ತೆಗೆದು ಮಡಚಿ

ಅಯ್ಯೋ.

ಮಾರ್ಚ್ 12, ಬುಧವಾರ

ಕೌದಿ ಇಲ್ಲದೆ: ನಲವತ್ತು ನಿಮಿಷ, 63, ಬದುಕಿತು.
ಕೌದಿ ಹೊದಿಸಿ: ಇಪ್ಪತ್ತೆರಡು ನಿಮಿಷ, 96, ಸತ್ತಿತು.
ಇಲ್ಲದೆ: 62, ಬದುಕಿತು.
ಹೊದಿಸಿ: 96, ಸತ್ತಿತು.

ಎರಡನೇ ಸಲ ಹೊದಿಸುವ ಅಗತ್ಯ ಇರಲಿಲ್ಲ. ಆದರೂ ಕಣ್ಣಾರೆ ಇನ್ನೊಂದು ಸಲ ನೋಡಬೇಕಿತ್ತು. ಮಿಷೀನಿನ ಹಿಂದೆ ಬಿಸಿಗಾಳಿ ಹೊರಗೆ ಹೋಗುವ ಕಿಂಡಿ ಇದೆ. ಆರು ಪದರದ ಸೀರೆ ಅದರ ಬಾಯಿಗೆ ಬಿಗಿಯಾಗಿ ಕೂತಿತ್ತು. ರಸ್ತೆ ಅಗೆದ ವಾರ ತೊಂದರೆ ಶುರುವಾಯಿತು ಅಂತ ನಾನೇ ಬರೆದಿದ್ದೇನೆ. ಕೌದಿ ಬಂದದ್ದೂ ಅದೇ ವಾರ ಅಂತಲೂ ನಾನೇ ಬರೆದಿದ್ದೇನೆ. ಬರೆದವಳು ನಾನು, ಓದಿಕೊಳ್ಳಲಿಲ್ಲ.

ಒಂದು ತಿಂಗಳು ಅದನ್ನು ಉಸಿರುಕಟ್ಟಿಸಿ, ಅದು ಮೂರ್ಛೆ ಹೋದರೆ ಊರಿನ ಮೇಲೆಲ್ಲ ಹರಿಹಾಯ್ದೆ.

ಮಾರ್ಚ್ 13, ಗುರುವಾರ

ಇಡೀ ದಿನ ಕೌದಿ ಇಲ್ಲದೆ ಕೆಲಸ. ಒಂದು ಸಲವೂ ನಿಲ್ಲಲಿಲ್ಲ. ಮುನ್ನೂರ ಎಪ್ಪತ್ತು ಪುಟ ಆಯಿತು. ಕೇದಾರ್ ಎರಡು ಸಲ ಬಂದು ಇಣುಕಿ ನೋಡಿ, "ನೋಡಿ ಮೇಡಂ, ಆ ಲೋಹಿತ್ ಕೈ ಹಾಕೋದು ನಿಂತ ಮೇಲೆ ಸರಿಹೋಯ್ತು. ಅವನೇ ಏನೋ ಮಾಡಿಟ್ಟಿದ್ದ," ಅಂದ. ನನ್ನ ಹೆಗಲು ತಟ್ಟಿದ ಹಾಗೆ ನಕ್ಕ. ಮಧ್ಯಾಹ್ನ ಚಾಮರಾಜಪೇಟೆ ಪ್ರೆಸ್ಸಿನವರ ವಾಟ್ಸಾಪ್ ಗುಂಪಿನಲ್ಲಿ ಬರೆದ, ಈ ಹೆಸರಿನವನನ್ನು ರಿಪೇರಿಗೆ ಕರೆಯಬೇಡಿ, ಕೆಡಿಸಿ ಸಾಮಾನು ಮಾರುತ್ತಾನೆ ಅಂತ. ಕೆಳಗೆ ಹನ್ನೊಂದು ಜನ ಹೆಬ್ಬೆಟ್ಟು ಎತ್ತಿದ್ದಾರೆ.

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕುರ್ಚಿ ಉಳಿಯಿತು. ಕೌದಿಯ ಸಂಗತಿ ನನಗೆ ಬಿಟ್ಟು ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿಲ್ಲ. ಹೇಳಿದರೆ, ಕಾರಣ ನೀವೇ ಅಂದಿದ್ದು ಸರಿಯಾಯಿತಲ್ಲ ಅಂತ ನಾಡಿದ್ದು ಕಳಿಸುತ್ತಾರೆ. ಸಂಜೆಯವರೆಗೂ ಇದನ್ನೇ ಅತ್ತ ಇತ್ತ ತಿರುಗಿಸಿದೆ. ಲೋಹಿತ್ ಈಗ ಎಸ್.ಪಿ. ರಸ್ತೆಯಲ್ಲಿ ಕೂತು, ನಾನು ಎಲ್ಲಿ ತಪ್ಪಿದೆ ಅಂತ ಯೋಚಿಸುತ್ತಿರುತ್ತಾನೆ. ಆ ಯೋಚನೆ ಎಂಥದು ಅಂತ ಹೋದ ಭಾನುವಾರದ ರಾತ್ರಿ ನನಗೆ ಗೊತ್ತಾಗಿದೆ.

ಮೊದಲು ಅವ್ವನಿಗೆ ಹೇಳಿದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ, "ಮಿಷೀನಿಗೂ ಸೆಕೆ ಆಗ್ತದೆ ಅಂತ ನನಗೇನವ್ವ ಗೊತ್ತು. ನೀನು ಅದರ ಮುಂದೆ ಇಪ್ಪತ್ಮೂರು ವರ್ಷ ಕುಂತಿದ್ದೆ, ನಿನಗೆ ಗೊತ್ತಾಗಬಾರದಾ?" ಅಂದಳು. ಸರಿಯಾಗಿ ಕೇಳಿದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಮುದುಕಿ ಹೊಲಿದಳು ಅಂತ ನನ್ನ ಮೇಲೆ ಹಾಕು. ನನ್ನನ್ನ ಯಾರು ಕೆಲಸದಿಂದ ತೆಗೀತಾರೆ?" ಅಂದಳು. ನಗು ಬಂತು, ಅಳುವೂ ಬಂತು. ಹೊಲಿದವಳು ಅವಳು, ಹೊದಿಸಿದವಳು ನಾನು. ಅವಳ ಮೇಲೆ ಹಾಕುವುದಿಲ್ಲ.

ಮಾರ್ಚ್ 14, ಶುಕ್ರವಾರ

ಯಜಮಾನರು, ಕೇದಾರ್, ಮನೋಹರ್ ಮೂವರೂ ಮುಂದಿನ ಕೋಣೆಯಲ್ಲಿದ್ದ ಹೊತ್ತು ನೋಡಿಕೊಂಡೇ ಹೋದೆ. ಕೈಯಲ್ಲಿ ಈ ನೋಟ್‌ಬುಕ್ಕು.

"ಮಿಷೀನು ನಿಲ್ತಿದ್ದಿದ್ದು ನನ್ನಿಂದ ಸರ್. ಧೂಳು ಅಂತ ಕೌದಿ ಹೊದಿಸ್ತಿದ್ದೆ. ಬಿಸಿಗಾಳಿ ಹೋಗೋ ದಾರಿ ಮುಚ್ಚಿಹೋಗ್ತಿತ್ತು. ತೆಗೆದು ನೋಡಿದೀನಿ, ಹಾಕಿ ನೋಡಿದೀನಿ, ನಾಲ್ಕು ಸಲ. ಇಲ್ಲಿ ಬರೆದಿದೆ. ಲೋಹಿತ್ ಅವರದು ಏನೂ ತಪ್ಪಿಲ್ಲ."

ಕೇದಾರ್ ನಕ್ಕ. "ಮೊದಲ್ನೇ ದಿನಾನೇ ಹೇಳಿದ್ನಲ್ಲ ಮೇಡಂ, ನಿಮ್ಮ ಕೈಯಲ್ಲೇ ಆಗ್ತಿದೆ ಅಂತ."

"ಹೌದು, ನೀನು ಹೇಳಿದ್ದೆ. ಆಮೇಲೆ ನನ್ನ ವಯಸ್ಸು ಅಂದೆ. ಆಮೇಲೆ ಲೋಹಿತ್ ಕಳ್ಳ ಅಂದೆ. ಯಾವುದನ್ನಾದ್ರೂ ಪರೀಕ್ಷೆ ಮಾಡಿ ನೋಡಿದ್ಯಾ? ಭಾನುವಾರ ಆ ಕೌದಿ ಎತ್ತಿ ಬಿಸಾಕಿದವನು ನೀನೇ. ನಿನಗೂ ಹೊಳೀಲಿಲ್ಲ. ವಯಸ್ಸು ಕಾರಣ ಆಗಿದ್ರೆ ಏನೂ ಮಾಡೋಕಾಗ್ತಿರ್ಲಿಲ್ಲಪ್ಪ. ಕಾರಣ ಬಟ್ಟೆ. ತೆಗೆದಿದೀನಿ."

ಬಾಯಿಂದ "ನೀನು" ಬಂದಿತ್ತು. ತಿದ್ದಲಿಲ್ಲ.

ಯಜಮಾನರು ನೋಟ್‌ಬುಕ್ಕು ತೆಗೆದುಕೊಂಡರು. ಅಂಕಿ ಇದ್ದ ಪುಟ ಮಾತ್ರ ತೋರಿಸಿದೆ, ಉಳಿದದ್ದಕ್ಕೆ ಅಂಗೈ ಅಡ್ಡ ಇಟ್ಟೆ. ಓದಿ ಮುಗಿಸಿ, "ವಿಶಾಲಮ್ಮ, ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಅಂದರು.

"ಅದಕ್ಕೇ ಹೇಳ್ದೆ ಸರ್. ಗುಂಪಲ್ಲಿ ಹಾಕಿರೋ ಮೆಸೇಜು ಅಳಿಸಿದ್ರೆ ಸಾಲದು. ತಪ್ಪು ನಮ್ಮದು ಅಂತ ಅದೇ ಗುಂಪಲ್ಲಿ ಹಾಕ್ಬೇಕು. ನನ್ನ ಹೆಸರು ಹಾಕಿ, ಕೌದಿ ಅಂತ್ಲೂ ಹಾಕಿ. ನಗೋರು ನಗಲಿ."

"ಅಪ್ಪಾ, ಪ್ರೆಸ್ಸಿನ ಮರ್ಯಾದೆ," ಅಂದ ಕೇದಾರ್. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟೆಲ್ಲ ಆದ್ಮೇಲೂ ನಾಳೆ ನೀವೇ ಕೂರ್ತೀರಾ?" ಅಂದ.

"ನಾಳೆ ಹದಿನೈದು. ಇನ್ನೂ ಇಪ್ಪತ್ತೆರಡು ಪುಟ ಇದೆ. ಒಂಬತ್ತೂವರೆಗೆ ಬರ್ತೀನಿ," ಅಂದು ಹೊರಟೆ.

ಮಾರ್ಚ್ 15, ಶನಿವಾರ

ಬಸ್ಸಿನಲ್ಲಿದ್ದಾಗ ಲೋಹಿತ್ ಫೋನು. ಬೆಳಿಗ್ಗೆ ಯಜಮಾನರೇ ಗುಂಪಿನಲ್ಲಿ ಬರೆದಿದ್ದಾರೆ, ತಪ್ಪು ತಮ್ಮ ಪ್ರೆಸ್ಸಿನದು ಅಂತ. ನನ್ನ ಹೆಸರು ಹಾಕಿಲ್ಲ. ಕೌದಿ ಅಂತಲೂ ಹಾಕಿಲ್ಲ, "ಮುಚ್ಚಿದ ಬಟ್ಟೆ" ಅಂದಿದ್ದಾರೆ. ಉಳಿದದ್ದನ್ನು ನಾನೇ ಲೋಹಿತ್‌ಗೆ ಹೇಳಿದೆ. "ಕೌದೀನಾ ಮೇಡಂ?" ಅಂತ ಅವರು ನಕ್ಕರು, ನಿಲ್ಲಿಸಲಿಕ್ಕೇ ಆಗಲಿಲ್ಲ ಅವರಿಗೆ. ಆಮೇಲೆ ದನಿ ಇಳಿಸಿ, "ನಾನು ಅಂಗಡಿ ಮುಚ್ಚೋ ಯೋಚನೇಲಿದ್ದೆ," ಅಂದರು. ಆ ದಿನ ಅವರನ್ನು ಬೈಯುವಾಗ ಸುಮ್ಮನೆ ನಿಂತಿದ್ದೆ, ತಪ್ಪಾಯಿತು ಅಂದೆ. ಪಕ್ಕದವರು ತಿರುಗಿ ನೋಡಿದರು, ನೋಡಲಿ.

ಮಧ್ಯಾಹ್ನ ಎರಡಕ್ಕೆ ಕೊನೆಯ ಪುಟ ಮುಗಿಯಿತು. ನಾನೂರಾ ಹನ್ನೆರಡು ಪುಟ ಒಟ್ಟಿಗೆ ಕಟ್ಟಲು ಬಿಟ್ಟೆ. ಕೇದಾರ್ ಬಂದು ಬೆನ್ನ ಹಿಂದೆ ನಿಂತ. ಯಜಮಾನರೂ ಬಂದರು, ಮನೋಹರ್ ಮಸಿ ಕೈಯಲ್ಲೇ ಬಂದ. ಇಪ್ಪತ್ತೆರಡನೇ ನಿಮಿಷ ದಾಟಿತು. 64. ಐವತ್ತೊಂದನೇ ನಿಮಿಷಕ್ಕೆ ಫೈಲು ಮುಗಿದು ಪ್ಲೇಟಿಗೆ ಹೋಯಿತು. ಒಬ್ಬೊಬ್ಬರಾಗಿ ಅವರವರ ಕೆಲಸಕ್ಕೆ ಹೋದರು. ಕೇದಾರ್ ಮಾತ್ರ ಇನ್ನೂ ನಿಂತಿದ್ದ. ನಾನು ತಿರುಗದೆ, ಸೋಮವಾರದ ಮದುವೆ ಪತ್ರಿಕೆಯ ಕೆಲಸ ತೆರೆದೆ.

ಕುರ್ಚಿಯಿಂದ ಏಳಿ ಅಂತ ಅವನು ಹೇಳಲಿಲ್ಲ. ಹೇಳಿದ್ದರೂ ಏಳುತ್ತಿರಲಿಲ್ಲ.